ಜಗಳೂರಿನಲ್ಲಿದ್ದ ತಲೆ

ಎಂಬತ್ತನಾಲ್ಕನೇ ಇಸವಿಯಲ್ಲಿ ಚನ್ನಗಿರಿಯ ಪಶು ಆಸ್ಪತ್ರೆಗೆ ಒಬ್ಬ ಹೊಸ ಗುಮಾಸ್ತ ಬಂದ. ದನದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಎರಡೇ ಸಂಗತಿ: ಮುಂದೆ ನಿಂತರೆ ಹಾಯುತ್ತದೆ, ಹಿಂದೆ ನಿಂತರೆ ಒದೆಯುತ್ತದೆ. ಉಳಿದ ವಿದ್ಯೆಯನ್ನೆಲ್ಲ ಅವನು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ರೋಗಗಳ ಚಿತ್ರ ನೋಡಿ ಕಲಿತಿದ್ದ. ಅವನ ಹೆಸರು ಇಲ್ಲಿ ಬೇಡ. ಅವನ ಹೆಸರಿನ ಸಂಬಳವನ್ನು ಇವತ್ತಿಗೂ ತಿಂಗಳು ತಿಂಗಳು ಸಹಿ ಹಾಕಿ ಎಣಿಸಿಕೊಳ್ಳುತ್ತಿರುವವನು ನಾನೇ ಆದ್ದರಿಂದ, ಅವನನ್ನು ಎಷ್ಟು ಆಡಿಕೊಂಡರೂ ಯಾರೂ ಜಗಳಕ್ಕೆ ಬರುವಂತಿಲ್ಲ.

ಬಂದ ಹೊಸದರಲ್ಲಿ ಒಂದು ಸಂಜೆ ಅವನು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿದ್ದ. ಬೆನ್ನ ಹಿಂದಿನ ಮೇಜಿನಲ್ಲಿ ಮಾತು ನಡೆದಿತ್ತು.

“ಮೈ ಐತೆ, ಬಾಲ ಐತೆ, ನಾಲ್ಕು ಕಾಲೂ ಸರಿಯಾಗಿ ಅದಾವೆ. ತಲೆ ಒಂದಿಲ್ಲ ನೋಡು.”

“ತಲೆ ಎಲ್ಲೈತೆ?”

“ಜಗಳೂರಾಗೆ. ಅಜ್ಜಮ್ಮನ ಮನೇಲಿ.”

“ಮೈ?”

“ನಮ್ಮನೇಲೇ. ಟ್ರಂಕಿನಾಗೆ.”

“ಇಷ್ಟು ವರ್ಷ ಆತು, ಹುಳ ಬಿದ್ದಿಲ್ವೇನೋ?”

“ಡಾಂಬರ್ ಗುಳಿಗೆ ಇಟ್ಟೀನಿ. ದೀಪಾವಳಿಗೊಂದ್ಸಲ ಬಿಸಿಲಿಗೆ ಹರವ್ತೀನಿ.”

ಗುಮಾಸ್ತನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. ಮೆಲ್ಲಗೆ ತಿರುಗಿ ನೋಡಿದ. ಹೆಗಲ ಮೇಲೆ ದಪ್ಪ ಟವಲ್ಲು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಾರುಕೋಲು ಹಿಡಿದ ಐವತ್ತರ ಆಸುಪಾಸಿನ ಮನುಷ್ಯ. ದನದ ದಲ್ಲಾಳಿ ಗೋಣೆಪ್ಪ ಅಂತ ಹೋಟೆಲಿನವನು ಹೇಳಿದ. ಗುಮಾಸ್ತನ ತಲೆಯಲ್ಲಿ ಗೋಡೆಯ ಚಿತ್ರಗಳೆಲ್ಲ ಒಟ್ಟಿಗೆ ಎದ್ದು ನಿಂತವು: ನೆರಡಿ ರೋಗ, ಚಪ್ಪೆ ರೋಗ, ಹೆಣವನ್ನು ಆಳವಾಗಿ ಹೂಳಿ ಸುಣ್ಣ ಹಾಕಿರಿ. ರೋಗದ ದನದ ಮುಂಡವನ್ನು ವರ್ಷಗಟ್ಟಲೆ ಟ್ರಂಕಿನಲ್ಲಿಟ್ಟುಕೊಂಡು, ತಲೆಯನ್ನು ಬೇರೆ ಜಿಲ್ಲೆಗೆ ಸಾಗಿಸಿದ್ದಾನಲ್ಲ ಈ ಮನುಷ್ಯ! ಡಾಕ್ಟರು ಊರಲ್ಲಿರಲಿಲ್ಲ. ಸರ್ಕಾರದ ಮಾನ ತನ್ನೊಬ್ಬನ ಮೇಲೇ ಇದೆ ಎಂದು ನಂಬಿದ ಗುಮಾಸ್ತ, ಮಾರನೆಯ ಬೆಳಿಗ್ಗೆ ಮೂಗಿಗೆ ಕರ್ಚೀಫು ಕಟ್ಟಿ, ಆಸ್ಪತ್ರೆಯ ಫಿನಾಯಿಲ್ ಬಾಟ್ಲಿ ಹಿಡಿದು ಗೋಣೆಪ್ಪನ ಮನೆ ಬಾಗಿಲು ಬಡಿದ.

ಬಾಗಿಲು ತೆಗೆದವಳು ಗೋಣೆಪ್ಪನ ಹೆಂಡತಿ ಕರಿಬಸಮ್ಮ. ಕರ್ಚೀಫು ನೋಡಿದಳು, ಬಾಟ್ಲಿ ನೋಡಿದಳು. “ಬಚ್ಚಲು ಹಿತ್ತಲ ಕಡೆ ಐತೆ, ಹಂಗೆ ಸುತ್ತಿ ಬಾರಪ್ಪ,” ಅಂದಳು.

ವಿಷಯ ತಿಳಿದ ಮೇಲೆ ಗೋಣೆಪ್ಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಹಳ ಗಂಭೀರವಾಗಿ, “ಬರ್ರಿ ಸಾಹೇಬ್ರೆ, ತಪಾಸಣೆ ಮಾಡೇ ಬಿಡ್ರಿ,” ಅಂತ ಒಳಗೆ ಕರೆದ. ಕರಿ ಕಂಬಳಿ ಹಾಸಿ, ಟ್ರಂಕಿನಿಂದ ಒಂದು ಹಳೆಯ ಸಿಗರೇಟು ಡಬ್ಬಿ ತೆಗೆದು, ಅದರೊಳಗಿನ ಪಟಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ, ಗಟ್ಟಿ ಕಾಗದದ, ಬಣ್ಣದ ಪಟಗಳು. ಬಿಡಿಯಾಗಿ ನೋಡಿದರೆ ಒಂದರಲ್ಲಿ ಬರೀ ಹುಲ್ಲು, ಇನ್ನೊಂದರಲ್ಲಿ ಬರೀ ಗೊರಸು, ಮತ್ತೊಂದರಲ್ಲಿ ಮೋಡದ ತುಂಡು. ಸಾಲಾಗಿ ಜೋಡಿಸಿದಾಗ ಒಂದೇ ದೊಡ್ಡ ಚಿತ್ರ ಎದ್ದುಬಂತು: ಬಿಳಿಯರ ನಾಡಿನ ಹೊಲ, ದೂರದಲ್ಲಿ ಚೂಪು ಗೋಪುರ, ಟೊಪ್ಪಿಗೆ ಹಾಕಿದ ಒಬ್ಬ ರೈತ, ಅವನ ಮುಂದೆ ನೊಗ ಹೊತ್ತ ಜೋಡಿ ಎತ್ತು. ಎಡದೆತ್ತು ನಮ್ಮನ್ನೇ ನೋಡುತ್ತಿತ್ತು. ಬಲದೆತ್ತಿನ ಕೊರಳ ಮೇಲೆ ಮಾತ್ರ ಪಟವಿರಲಿಲ್ಲ. ತಲೆ ಇರಬೇಕಾದಲ್ಲಿ ಕಂಬಳಿಯ ಕಪ್ಪು ಕಾಣುತ್ತಿತ್ತು.

“ಇದೇ ನೋಡ್ರಿ ಹೆಣ. ಫಿನಾಯಿಲ್ ಹೊಡೀತೀರಾ?” ಅಂದ ಗೋಣೆಪ್ಪ.

ಅವನ ಪರಿಚಯವಾದದ್ದು ಹೀಗೆ.

ಗೋಣೆಪ್ಪನ ಅಪ್ಪನೂ ದನದ ದಲ್ಲಾಳಿ. ಅಕ್ಷರ ಕಲಿಯುವ ಮೊದಲೇ ಮಗ ಬೆರಳ ಭಾಷೆ ಕಲಿತ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಒಂದೇ ಟವಲ್ಲಿನ ಕೆಳಗೆ ಸೇರಿ, ಬೆರಳು ಹಿಡಿದು, ಮಡಚಿ, ಒತ್ತಿ ಮಾತಾಡುತ್ತವೆ. ಸುತ್ತ ನಿಂತವರಿಗೆ ಟವಲ್ಲು ಅಲುಗುವುದಷ್ಟೇ ಕಾಣುತ್ತದೆ. ಹುಡುಗನಾಗಿದ್ದಾಗ ಹೊನ್ನಾಳಿ ಸಂತೆಯಲ್ಲಿ ಇಂಥದೊಂದು ಟವಲ್ಲಿನ ಪಕ್ಕ ಕಾಯುತ್ತ ನಿಂತಿದ್ದವನಿಗೆ, ಸಗಣಿಯ ಅಂಚಿನಲ್ಲಿ ಒಂದು ಪಟ ಸಿಕ್ಕಿತು. ಕೆಂಪು ಕುದುರೆಯ ಚಿತ್ರ. ಎರಡನೇ ಮಹಾಯುದ್ಧಕ್ಕೆ ಮುಂಚೆ ವಿಲಾಯತಿ ಸಿಗರೇಟು ಪ್ಯಾಕಿನೊಳಗೆ ಇಂಥ ಪಟ ಒಂದೊಂದನ್ನು ಇಡುತ್ತಿದ್ದರು. ಸೇದುವವರು ಹೊಗೆ ಬಿಟ್ಟು ಪಟ ಎಸೆಯುತ್ತಿದ್ದರು, ಮಕ್ಕಳು ಹೆಕ್ಕುತ್ತಿದ್ದರು. ಯುದ್ಧ ಬಂತು, ಕಾಗದ ಸಿಗದಾಯಿತು, ಪಟ ಇಡುವುದು ನಿಂತೇಹೋಯಿತು. ಮಕ್ಕಳೆಲ್ಲ ಬೆಳೆದು ಅದನ್ನು ಮರೆತರು. ಗೋಣೆಪ್ಪ ಬೆಳೆದ, ಮರೆಯಲಿಲ್ಲ.

ದಲ್ಲಾಳಿಗೆ ಊರೂರು ತಿರುಗುವುದೇ ಕಸುಬು. ನ್ಯಾಮತಿ, ಸಾಸ್ವೆಹಳ್ಳಿ, ಜಗಳೂರು ಕಡೆಯ ಹಟ್ಟಿಗಳು. ಎಲ್ಲೇ ವ್ಯಾಪಾರ ಮುಗಿಯಲಿ, ಎಲೆ ಅಡಿಕೆ ಹಾಕಿಕೊಂಡು, ಎದ್ದು ಹೊರಡುವ ಮುಂಚೆ ಒಂದು ಮಾತು ಕೇಳುತ್ತಿದ್ದ: “ಯಜಮಾನ್ರೆ, ಮನೇಲಿ ಹಳೇ ಸಿಗರೇಟಿನ ಪಟ ಏನಾರ ಅದಾವೇನ್ರಿ?” ಒಬ್ಬರು ನಗುತ್ತಿದ್ದರು, ಒಬ್ಬರು ಅಟ್ಟ ಹತ್ತುತ್ತಿದ್ದರು. ಹಡಗು, ಹಕ್ಕಿ, ರಾಜರ ಕಿರೀಟ, ನಾಟಕದ ಹೆಂಗಸರು ಹೀಗೆ ಒಂದೊಂದಾಗಿ ಟ್ರಂಕು ಸೇರಿದವು. ಅವನು ಮಾತ್ರ ಒಂದು ಬೀಡಿಯನ್ನೂ ಮುಟ್ಟಿದವನಲ್ಲ.

“ಬೇರೆ ಗಂಡಸ್ರು ಸಿಗರೇಟು ಸೇದಿ ಪ್ಯಾಕು ಬಿಸಾಡ್ತಾರೆ,” ಅನ್ನುತ್ತಿದ್ದಳು ಕರಿಬಸಮ್ಮ. “ನಮ್ಮನೆಯೋರು ಸಿಗರೇಟು ಬಿಸಾಡಿ ಪ್ಯಾಕು ಸೇದ್ತಾರೆ.”

ಈ ಹುಚ್ಚಿಗೆ ಜೊತೆ ಸಿಕ್ಕವರು ಕೆರೆಬಿಳಚಿಯ ಅಡಿಕೆ ವ್ಯಾಪಾರಿ ಜಯದೇವಪ್ಪ. ಅವರದು ಗಾಜಿನ ಬೀರು, ದಪ್ಪ ಆಲ್ಬಮ್ಮು, ಮುಂಬಯಿಯಿಂದ ತರಿಸಿದ ಪಟಗಳು. ಇಬ್ಬರ ಬಳಿಯೂ ಎರಡೆರಡು ಇದ್ದವನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅದೂ ಹೇಗೆ? ಹೊನ್ನಾಳಿ ಸಂತೆಯ ಬೇವಿನ ಮರದಡಿ, ಟವಲ್ಲಿನ ಕೆಳಗೆ. ಒಂದು ಹಡಗಿಗೆ ಎಷ್ಟು ಹಕ್ಕಿ, ಒಬ್ಬ ರಾಜನಿಗೆ ಎಷ್ಟು ಕುದುರೆ, ಎಲ್ಲ ಬೆರಳಲ್ಲೇ. ಒಮ್ಮೆ ಹಗ್ಗ ಹಿಡಿದು ಬಹಳ ಹೊತ್ತು ಕಾದು ನಿಂತಿದ್ದ ರೈತನೊಬ್ಬ, ಟವಲ್ಲು ಸರಿದ ಕೂಡಲೇ, “ಯಾವ ಜೋಡಿ ಮುಗೀತ್ರಿ?” ಅಂದ. ಗೋಣೆಪ್ಪ ಜೇಬಿನಿಂದ ಗಿಳಿಯ ಪಟ ತೆಗೆದು ತೋರಿಸಿದ. ಆ ರೈತ ಆಮೇಲೆ ಅವನ ಹತ್ತಿರ ವ್ಯಾಪಾರಕ್ಕೆ ಬಂದಂತೆ ಕಾಣೆ.

ಜೋಡಿ ಎತ್ತಿನ ಪಟ ಸಿಕ್ಕಿದ್ದು ಎಪ್ಪತ್ತೆರಡರಲ್ಲಿ, ಜಗಳೂರಿನಲ್ಲಿ. ಅಜ್ಜಮ್ಮನ ಗಂಡ ತೀರಿಕೊಂಡಿದ್ದ. ಯೌವನದಲ್ಲಿ ಅವನು ಒಬ್ಬ ಬಿಳಿ ಇಂಜಿನಿಯರನ ಗಾಡಿ ಹೊಡೆಯುತ್ತಿದ್ದವನು. ಸಾಹೇಬ ಎಸೆದ ಪಟಗಳನ್ನೆಲ್ಲ ಕೂಡಿಟ್ಟಿದ್ದ. ಹೊಲವನ್ನು ಅರ್ಧ ಬೆಳೆಯ ಕರಾರಿನ ಮೇಲೆ ಕೋರಿಗೆ ಕೊಟ್ಟ ಮೇಲೆ ಎತ್ತು ಯಾಕೆಂದು ಅಜ್ಜಮ್ಮ ಗೋಣೆಪ್ಪನನ್ನು ಕರೆಸಿದಳು. ಒಳ್ಳೆಯ ಮನೆಗೆ ಎತ್ತು ಕೊಡಿಸಿ, ಗೋಣೆಪ್ಪ ತಾನೇ ಅವುಗಳ ಕೊರಳ ಹಗ್ಗ ಬಿಚ್ಚಿ ಅವಳ ಕೈಗಿಟ್ಟ. ನಮ್ಮ ಕಡೆ ಪದ್ಧತಿ ಅದು. ಎತ್ತು ಮಾರಬಹುದು, ಎತ್ತಿನ ಹಗ್ಗ ಮಾರುವಂತಿಲ್ಲ. ಹಗ್ಗವೂ ಹೋದರೆ ಎತ್ತಿನ ಹಿಂದೆ ಮನೆಯ ಕಳೆಯೂ ಹೋಗುತ್ತದೆ ಅಂತ. ಕೊಂಡವನು ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಇಟ್ಟುಕೊಂಡ ಹಗ್ಗವನ್ನು ಕೇಳಿದ ದಲ್ಲಾಳಿಯನ್ನು ಆಮೇಲೆ ಯಾರೂ ಕೊಟ್ಟಿಗೆಗೆ ಬಿಟ್ಟುಕೊಳ್ಳುವುದಿಲ್ಲ.

“ಹಗ್ಗ ಮನೇಲಿರ್ಲಿ ಅವ್ವಾ,” ಅಂದ. ಆಮೇಲೆ ಅಭ್ಯಾಸದಂತೆ ಪಟದ ಮಾತು ತೆಗೆದ.

ಅಜ್ಜಮ್ಮ ಒಳಗಿಂದ ಡಬ್ಬಿ ತಂದಳು. ಮುಚ್ಚಳ ತೆಗೆದ ಗೋಣೆಪ್ಪನಿಗೆ ಗೊರಸು ಕಂಡಿತು, ಕೊಂಬು ಕಂಡಿತು, ಹಿಂದುಗಡೆ ಅಂಕಿ ಕಂಡಿತು. ಇಡೀ ಚಿತ್ರ ಇಲ್ಲಿದೆ ಅಂತ ಹೊಳೆಯಿತು. “ದಲ್ಲಾಳಿ ದುಡ್ಡು ಬೇಡವ್ವ, ಇದನ್ನ ಕೊಟ್ಬಿಡು,” ಅಂದ. ಅಜ್ಜಮ್ಮ ಒಪ್ಪಿದಳು. ಗಂಡನ ಕೈಯಲ್ಲಿ ಆಡಿದ್ದು, ಒಳ್ಳೆಯವನ ಕೈಗೇ ಹೋಗಲಿ ಅಂದಳು. ಡಬ್ಬಿಯನ್ನು ಕೊಡುವ ಮುಂಚೆ, ಅದರೊಳಗೆ ಕೈಹಾಕಿ ಒಂದು ಪಟ ತೆಗೆದು ಸೆರಗಿಗೆ ಕಟ್ಟಿಕೊಂಡಳು.

“ಇದು ಹಗ್ಗ,” ಅಂದಳು.

ಗೋಣೆಪ್ಪ ಮುಖ ತಿರುಗಿಸಿ ನಿಂತ. ಇಟ್ಟುಕೊಂಡ ಹಗ್ಗವನ್ನು ನೋಡಬಾರದು. ಚನ್ನಗಿರಿಗೆ ಬಂದು ಕಂಬಳಿಯ ಮೇಲೆ ಜೋಡಿಸಿದಾಗಲೇ ಅವಳು ಯಾವುದನ್ನು ಇಟ್ಟುಕೊಂಡಳು ಅನ್ನುವುದು ಗೊತ್ತಾದದ್ದು. ಹುಲ್ಲಿನ ಪಟ ಇಟ್ಟುಕೊಳ್ಳಬಹುದಿತ್ತು, ಮೋಡ ಇಟ್ಟುಕೊಳ್ಳಬಹುದಿತ್ತು. ದನದ ಮುಖ ನೋಡದೆ ಬೆಲೆ ಹೇಳಿದವನಲ್ಲ ಅವನು. ಹಲ್ಲು, ಕಣ್ಣು, ಹಣೆಯ ಸುಳಿ ನೋಡಿಯೇ ಮುಂದಿನ ಮಾತು. ಈಗ ಮನೆಯಲ್ಲೇ ಒಂದೆತ್ತು ಮುಖವಿಲ್ಲದೆ ನಿಂತಿತ್ತು.

ಆಮೇಲಿನ ಹನ್ನೆರಡು ವರ್ಷ ಗೋಣೆಪ್ಪ ಜಗಳೂರು ಕಡೆ ಹೋದಾಗಲೆಲ್ಲ ಅಜ್ಜಮ್ಮನ ಮನೆಗೆ ಹೋದ. ಒಂದು ಚೀಲ ಕೆಂಪಡಿಕೆ ಒಯ್ಯುತ್ತಿದ್ದ. ಕುಶಲ ಕೇಳುತ್ತಿದ್ದ, ಜೋಳದ ರೊಟ್ಟಿ ತಿನ್ನುತ್ತಿದ್ದ, ಬರುತ್ತಿದ್ದ. ಆ ಪಟ ದೇವರ ಗೂಡಿನಲ್ಲಿತ್ತು. ಗೂಡಿನ ಕಡೆ ಅವನು ಬೆನ್ನು ಹಾಕಿ ಕೂರುತ್ತಿದ್ದ. ಕೇಳಿದ್ದರೆ ಆಗುತ್ತಿತ್ತೋ ಏನೋ. ಕೇಳುವ ಬಾಯಿ ಅವನದಾಗಿರಲಿಲ್ಲ. ಊರವರ ಪರವಾಗಿ ಕೇಳಿ ಕೇಳಿಯೇ ಹೊಟ್ಟೆ ಹೊರೆದವನಿಗೆ ತನ್ನ ಪಾಲಿನ ಒಂದು ಮಾತು ಗಂಟಲಲ್ಲೇ ಉಳಿದಿತ್ತು.

ಕಾಯುತ್ತ ಇನ್ನಷ್ಟು ವರ್ಷ ಕಳೆಯುತ್ತಿದ್ದನೇನೋ. ಜಯದೇವಪ್ಪನವರು ಬಿಡಲಿಲ್ಲ. ಗುಮಾಸ್ತ ಫಿನಾಯಿಲ್ ಹಿಡಿದು ಹೋದ ಕೆಲವು ವಾರಕ್ಕೆ, ಅವರು ಗೋಣೆಪ್ಪನ ಜಗಲಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಗುಮಾಸ್ತನೂ ಅಲ್ಲೇ ಇದ್ದ. ಕರಿಬಸಮ್ಮನ ಚಹಾ ಹೋಟೆಲಿನದಕ್ಕಿಂತ ಚೆನ್ನಾಗಿತ್ತು, ಪುಕ್ಕಟೆಯೂ ಆಗಿತ್ತು.

“ಗೋಣೆಪ್ಪ, ಆ ಜೋಡಿ ಎತ್ತು ನಂಗೆ ಕೊಡು ಅಂತ ಎಷ್ಟು ವರ್ಷದಿಂದ ಕೇಳ್ತಿದೀನಿ?”

“ಕೊಡಾಕಿಲ್ಲ ಸಾವ್ಕಾರ್ರೆ. ಜೋಡಿ ಪೂರ್ತಿ ಆಗ್ಲಿ ಅಂತ ಕಾಯ್ತಿದೀನಿ.”

“ಅದಕ್ಕೇ ಬಂದೆ. ನೀನಂತೂ ಆ ಮುದುಕಿ ಹತ್ರ ಬಾಯಿ ಬಿಡಲ್ಲ. ಇಷ್ಟರಲ್ಲೇ ನಾನೇ ಜಗಳೂರಿಗೆ ಹೋಗಿ ತಲೆ ತರ್ತೀನಿ. ತಲೆ ನನ್ನ ಬೀರುನಾಗಿದ್ರೆ, ಮೈ ನೀನೇ ಹೊತ್ತು ತಂದು ಕೊಡ್ತೀಯ.”

ಜಯದೇವಪ್ಪನವರು ಕೆಟ್ಟವರೇನಲ್ಲ. ನಗುತ್ತಲೇ ಹೇಳಿದರು. ಆದರೆ ಹೇಳಿದ್ದನ್ನು ಮಾಡುವವರು. ಅವರು ಹೋದ ಮೇಲೆ ಗೋಣೆಪ್ಪ ತಣ್ಣಗಾದ ಚಹಾ ಲೋಟ ಕೆಳಗಿಟ್ಟು ಗುಮಾಸ್ತನ ಕಡೆ ತಿರುಗಿದ. ತಲೆ ಕೆರೆಬಿಳಚಿಯ ಗಾಜಿನ ಬೀರು ಸೇರಿತು ಅಂದರೆ, ಆ ಎತ್ತು ಅವನ ಕಂಬಳಿಯ ಮೇಲೆ ಎಂದೂ ಪೂರ್ತಿ ಆಗುವುದಿಲ್ಲ.

“ಸಾಹೇಬ್ರೆ, ನಿಮಗೆ ಭಾನುವಾರ ರಜಾ ಐತಲ್ಲ? ಜಗಳೂರಿಗೆ ಬರ್ಬೇಕು.”

“ನಾನ್ಯಾಕೆ?”

“ನಂಗೆ ಕೇಳಾಕೆ ಆಗಲ್ಲ. ನೀವು ಕೇಳ್ರಿ. ಈ ವ್ಯಾಪಾರಕ್ಕೆ ನೀವೇ ದಲ್ಲಾಳಿ.”

ಕರಿಬಸಮ್ಮ ಒಳಗಿನಿಂದಲೇ ಅಂದಳು, “ಬಾಟ್ಲಿ ಮರೀದೆ ತಗೊಂಡೋಗಪ್ಪ.”

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಜಗಳೂರಿಗೆ ಹೋದರು. ದಾರಿಯುದ್ದಕ್ಕೂ ಗೋಣೆಪ್ಪ ಶಿಷ್ಯನಿಗೆ ಪಾಠ ಹೇಳಿದ. ಹೋದ ಕೂಡಲೇ ಕೇಳಬಾರದು. ಮೊದಲು ನೀರು, ಆಮೇಲೆ ಎಲೆ ಅಡಿಕೆ, ಆಮೇಲೆ ಮಳೆ ಬೆಳೆ. ಅವರೇ “ಮತ್ತೇನಪ್ಪ ಬಂದದ್ದು?” ಅಂದಾಗ ಮಾತು ತೆಗೆಯಬೇಕು. ಗುಮಾಸ್ತ ತಲೆಯಾಡಿಸಿದ. ಪರೀಕ್ಷೆಗೂ ಅವನು ಹೀಗೇ ತಲೆಯಾಡಿಸಿ ಹೋಗುತ್ತಿದ್ದವನು.

ಅಜ್ಜಮ್ಮ ಅಂಗಳದಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದನಿ ಕೇಳಿಯೇ ಗುರುತು ಹಿಡಿದಳು. “ಗೋಣೆಪ್ಪನಾ? ಜೊತೆಗ್ಯಾರು?”

“ಪಶು ಆಸ್ಪತ್ರೆಯೋರು ಅವ್ವಾ.”

“ಅಯ್ಯೋ, ನಮ್ಮ ಆಕಳು ಚೆನ್ನಾಗೇ ಐತಲ್ಲಪ್ಪಾ. ಹೋದ ತಿಂಗಳು ಮಗಳು ತಂದು ಕಟ್ಟ್ಯಾಳೆ. ಎರಡು ಹೊತ್ತೂ ಹಾಲು ಕೊಡ್ತೈತೆ.”

“ಇಲ್ಲಜ್ಜಿ, ನಾವು ಎತ್ತಿನ ತಲೆ ತಗೊಂಡು ಹೋಗಾಕೆ ಬಂದ್ವಿ,” ಅಂದ ಗುಮಾಸ್ತ. ನೀರೂ ಇಲ್ಲ, ಎಲೆ ಅಡಿಕೆಯೂ ಇಲ್ಲ, ಮಳೆಯೂ ಇಲ್ಲ, ಬೆಳೆಯೂ ಇಲ್ಲ.

ಗೋಣೆಪ್ಪ ಕಣ್ಣು ಮುಚ್ಚಿಕೊಂಡ. ಅಜ್ಜಮ್ಮನ ಕೈಯ ಅವರೆಕಾಯಿ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಅವಳು ನಗತೊಡಗಿದಳು, ಮೊರದ ಕಾಳು ಅಲುಗುವ ಹಾಗೆ.

“ಇಷ್ಟು ವರ್ಷ ಬೇಕಾತೇನೋ ಗೋಣೆಪ್ಪಾ, ಬಾಯಿ ಬಿಡಾಕೆ? ಅದೂ ಬಾಡಿಗೆ ಬಾಯಿ! ಮೊನ್ನೆ ಯಾರೋ ಜೀಪಿನಾಗೆ ಬಂದಿದ್ದ, ಕೆರೆಬಿಳಚಿಯೋನಂತೆ. ನೋಟು ತೆಗೆದ. ಕೊಂಡೋನೇ ಹಗ್ಗ ಕೇಳಿಲ್ಲ, ದಾರಿಹೋಕನಿಗೆ ಕೊಡ್ತೀನಾ ಅಂತ ಕಳಿಸ್ದೆ.”

“ನಾನು ಕೇಳಬಾರ್ದಿತ್ತು ಅವ್ವಾ.”

“ನೀನೆಲ್ಲಿ ಕೇಳ್ದೆ? ಈ ಹುಡುಗ ಕೇಳ್ದ. ಹಗ್ಗ ಯಾತಕ್ಕಪ್ಪ ಇಟ್ಕೊಳ್ಳೋದು? ಕೊಟ್ಟಿಗೆ ಬರಿದಾದಾಗ ಮನೆ ಕಳೆ ಹೋಗದಂಗೆ. ಈಗ ಕೊಟ್ಟಿಗೇಲಿ ಆಕಳು ಐತೆ. ಗೂಡಿನಾಗೈತೆ, ತಗೊಂಡೋಗು. ದಿನಾ ಕೈ ಮುಗೀವಾಗ ನನ್ನೇ ನೋಡ್ತಿರ್ತೈತೆ. ಚೆಂದದ ಮುಖ.”

ಗೋಣೆಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಗುಮಾಸ್ತ ಹಿಂದೆಯೇ ಹೋಗಿ ಹೊಸಿಲಲ್ಲಿ ನಿಂತ. ಗೂಡಿನಲ್ಲಿ ದೀಪದ ಪಕ್ಕ ಪಟ ಒರಗಿತ್ತು. ಗೋಣೆಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ, ಬಾಗಿಲ ಬೆಳಕಿಗೆ ತಂದ. ದಿನವೂ ಅರಿಸಿನ, ದಿನವೂ ಕುಂಕುಮ, ದಿನವೂ ಎಣ್ಣೆಗೈ. ಪಟದ ಮೇಲೆ ಕೆಂಪಗೆ ಒಂದು ಹೆಪ್ಪು ಕೂತಿತ್ತು. ಉಗುರಿನಿಂದ ಮೆಲ್ಲಗೆ ಕೆರೆದ. ಕುಂಕುಮದ ಜೊತೆ ಕಾಗದದ ಬಣ್ಣವೂ ಎದ್ದು ಬಂತು. ಕಣ್ಣಿಲ್ಲ, ಹಣೆಯಿಲ್ಲ, ಸುಳಿಯಿಲ್ಲ. ಮೇಲಿನ ಮೂಲೆಯಲ್ಲಿ ಒಂದು ಕೊಂಬಿನ ತುದಿ ಮಾತ್ರ ಉಳಿದಿತ್ತು.

ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವಾಗ ಗೋಣೆಪ್ಪನ ಮುಖದಲ್ಲಿ ಏನೂ ಕಾಣುವುದಿಲ್ಲ. ಕಂಡರೆ ವ್ಯಾಪಾರ ಕೆಡುತ್ತದೆ. ಈಗಲೂ ಏನೂ ಕಾಣಲಿಲ್ಲ. ಹಿಂದೆ ತಿರುಗಿಸಿ ಅಂಕಿ ನೋಡಿದ. ಅದೇ ಪಟ. ಮತ್ತೆ ಮುಂದೆ ತಿರುಗಿಸಿದ. ಬೆರಳಿಗೆ ಹತ್ತಿದ ಕೆಂಪನ್ನು ಪಂಚೆಗೆ ಒರೆಸಿಕೊಳ್ಳಲು ಹೋಗಿ, ಏನೋ ನೆನೆದು, ಹಣೆಗೆ ಒರೆಸಿಕೊಂಡ.

“ಸಿಕ್ತೇನೋ?” ಅಂದಳು ಅಜ್ಜಮ್ಮ ಹೊರಗಿನಿಂದ.

“ಸಿಕ್ತು ಅವ್ವಾ.”

“ಹೆಂಗೈತೆ ಮುಖ?”

ಗೋಣೆಪ್ಪ ಪಟವನ್ನು ಗೂಡಿನಲ್ಲಿ ಮೊದಲಿದ್ದ ಹಾಗೇ ಒರಗಿಸಿದ. “ಒಳ್ಳೆ ಮುಖ. ನೋಡ್ದೆ, ಸಾಕು. ಇಲ್ಲೇ ಇರ್ಲಿ ಬಿಡವ್ವ. ಹಗ್ಗ ಮನೇಲೇ ಇರ್ಬೇಕು.”

ಅಜ್ಜಮ್ಮ ಮೊರ ಪಕ್ಕಕ್ಕಿಟ್ಟು ಎದ್ದಳು. ಊಟ ಮಾಡದೆ ಹೋಗಕೂಡದು ಅಂದಳು. ರೊಟ್ಟಿ, ಅವರೆಕಾಳು ಸಾರು. ಗೋಣೆಪ್ಪ ಎಂದಿನಂತೆ ಗೂಡಿಗೆ ಬೆನ್ನು ಹಾಕಿ ಕೂತು ಉಂಡ. ಆಕಳ ಹಲ್ಲು ನೋಡಿ, ಇನ್ನೂ ನಾಲ್ಕು ಸೂಲು ಕರೆಯುತ್ತೆ ಅಂತ ಅಜ್ಜಮ್ಮನಿಗೆ ಧೈರ್ಯ ಹೇಳಿದ. ಅಷ್ಟರಲ್ಲಿ ಎರಡು ಗಂಟೆಯ ಬಸ್ಸು ಹೋಗಿತ್ತು.

ಮುಂದಿನ ಬಸ್ಸಿಗೆ ಕಾಯುತ್ತ ಇಬ್ಬರೂ ಒಂದು ಪೆಟ್ಟಿಗೆ ಅಂಗಡಿಯ ನೆರಳಲ್ಲಿ ನಿಂತರು. ಗುಮಾಸ್ತನ ಎದೆ ತುಂಬಿ ಬಂದಿತ್ತು. ಕಣ್ಣು ಕಾಣದ ಮುದುಕಿಯ ನಂಬಿಕೆಗಾಗಿ ತನ್ನ ಆಯುಷ್ಯದ ಆಸೆಯನ್ನು ಗೂಡಿನಲ್ಲೇ ಬಿಟ್ಟು ಬಂದ ಈ ಮನುಷ್ಯನ ಬಗ್ಗೆ ಅವನು ಮನಸ್ಸಿನಲ್ಲೇ ಒಂದು ಲೇಖನ ಶುರುಮಾಡಿ, ಎರಡನೇ ಪ್ಯಾರಾದವರೆಗೂ ಹೋಗಿದ್ದ. ಅದರಲ್ಲಿ ‘ತ್ಯಾಗ’ ಅನ್ನುವ ಮಾತು ಆಗಲೇ ಮೂರು ಕಡೆ ಬಂದಿತ್ತು. ಗೋಣೆಪ್ಪ ಟವಲ್ಲಿನಿಂದ ಧೂಳು ಒದರುತ್ತ ರಸ್ತೆ ನೋಡುತ್ತಿದ್ದ. ಅವನ ಹಣೆಯ ವಿಭೂತಿಯ ನಡುವೆ ಆ ಕೆಂಪು ಹಾಗೇ ಇತ್ತು.

ಕೇಳಬಾರದಿತ್ತು. ಆದರೆ ದಲ್ಲಾಳಿ ಕೆಲಸ ಕಲಿಯದವನಿಗೆ ಬಾಯಿ ಸುಮ್ಮನಿರುವುದಿಲ್ಲ.

“ಗೋಣೆಪ್ಪನವ್ರೇ, ಒಂದು ಮಾತು. ತಪ್ಪು ತಿಳ್ಕೋಬೇಡಿ. ಪಟ ಅಳಿಸಿಹೋಗಿತ್ತು, ಸರಿ. ಅಕಸ್ಮಾತ್ ಮುಖ ಚೆನ್ನಾಗೇ ಉಳಿದಿದ್ರೆ? ಆಗ್ಲೂ ಅಲ್ಲೇ ಬಿಟ್ಟು ಬರ್ತಿದ್ರಾ?”

ಗೋಣೆಪ್ಪ ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಅವನನ್ನು ನೋಡಿದ.

“ಯಾಕ್ ಬಿಡ್ತಿದ್ದೆ? ಜೇಬಿಗೆ ಹಾಕ್ಕೊಂಡು ಎರಡು ಗಂಟೆ ಬಸ್ಸಿಗೇ ಓಡಿ ಬಂದಿರ್ತಿದ್ದೆ.”